ಸಾವಿರದ ಇನ್ನೂರು ವಾಕ್ಯ

ನಮ್ಮ ಚಿಕ್ಕಮ್ಮನ ಹತ್ತಿರ ಕೆಟ್ಟ ಕಂಪ್ಯೂಟರ್ ತರುವವರೆಲ್ಲ ಮೊದಲು ಹೇಳುವ ಮಾತು ಒಂದೇ. ತಾವೇನೂ ಮಾಡಲಿಲ್ಲ, ಅದು ತಾನಾಗೇ ಹೋಯಿತು. ಇಪ್ಪತ್ತು ವರ್ಷದಿಂದ ಚಿಕ್ಕಮ್ಮ ಈ ಮಾತು ಕೇಳುತ್ತಿದ್ದಾಳೆ, ಒಂದು ದಿನವೂ ನಂಬಿದವಳಲ್ಲ. ಬಾಯಲ್ಲಿ ಮಾತ್ರ "ಅಯ್ಯೋ ಪಾಪ" ಎಂದು, ಬಂದವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಉದ್ದನೆಯ ನೋಟ್‌ಬುಕ್ ಬಿಚ್ಚುತ್ತಾಳೆ. ಯಾವತ್ತು ಕೆಟ್ಟಿತು, ಎಷ್ಟು ಗಂಟೆಗೆ, ಆಗ ಮುಂದೆ ಕೂತಿದ್ದವರು ಯಾರು, ಕೂತು ಏನು ಮಾಡುತ್ತಿದ್ದರು ಎಂದು ಒಂದೊಂದೇ ಕೇಳಿ ಬರೆದುಕೊಳ್ಳುತ್ತಾಳೆ. ಅರ್ಧ ಗಂಟೆಯಲ್ಲಿ ಸತ್ಯ ಹೊರಗೆ ಬೀಳುತ್ತದೆ. ಒಬ್ಬರು ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ, ಹೆಂಡತಿಗೆ ತಿಳಿಯದಂತೆ ಬಿಸಿಲಿಗೆ ಒಣಗಿಸಿರುತ್ತಾರೆ. ಇನ್ನೊಬ್ಬರು, ಬಹಳ ಗಂಭೀರವಾದ ವಕೀಲರು, ಕಚೇರಿಯ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಇಳಿಸಿಕೊಳ್ಳಲು ಹೋಗಿ ವೈರಸ್ಸನ್ನೂ ಇಳಿಸಿಕೊಂಡಿದ್ದರು. "ಮೆಷಿನ್ನಿಗೆ ನಾಚಿಕೆ ಇಲ್ಲ ನೋಡು, ಅದಕ್ಕೇ ಅದು ಸುಳ್ಳು ಹೇಳಲ್ಲ," ಎನ್ನುವುದು ಚಿಕ್ಕಮ್ಮ ನನಗೆ ಕಲಿಸಿದ ಮೊದಲ ಪಾಠ. ಅದಕ್ಕಿಂತ ದೊಡ್ಡ ಪಾಠ ಇನ್ನೂ ಕಲಿಸಿಲ್ಲ.

ಅವಳು ಹುಟ್ಟಾ ರಿಪೇರಿಯವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಳು. ಕಿವಿಗೆ ಹೆಡ್‌ಸೆಟ್ಟು, ಮುಂದೆ ನೂರಾರು ತೂತಿನ ಹಲಗೆ, ಎರಡು ಕೈಯಲ್ಲೂ ತಂತಿ. ಯಾರು ಯಾರೊಂದಿಗೆ ಮಾತಾಡಬೇಕೋ ಅವರನ್ನು ಜೋಡಿಸಿ ತಾನು ಸುಮ್ಮನಾಗುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, ಊರಿನವರಿಗೆಲ್ಲ ಲೈನ್ ಕೊಡುವುದರಲ್ಲಿ ತನ್ನ ಲೈನ್ ಮರೆತೇಹೋಯಿತು ಎನ್ನುತ್ತಾಳೆ. ಆಮೇಲೆ ಒಂದು ದಿನ ಹಲಗೆಯ ಜಾಗಕ್ಕೆ ಒಂದು ಬೀರುವಿನಷ್ಟು ದೊಡ್ಡ ಯಂತ್ರ ಬಂತು. ಆಪರೇಟರುಗಳಿಗೆಲ್ಲ ಒಂದೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮನೆಯವರೆಲ್ಲ ಇನ್ನು ಇವಳು ಅಳುತ್ತಾಳೆ ಎಂದು ಕಾಯುತ್ತಿದ್ದರೆ, ಇವಳು ನಲವತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ತನ್ನ ಕೆಲಸ ಕಿತ್ತುಕೊಂಡದ್ದು ಏನು ಅಂತ ಬಿಚ್ಚಿ ನೋಡಬೇಕಿತ್ತು, ಅಷ್ಟೇ ಎಂದಳು.

ನಾನು ಅವಳ ಅಕ್ಕನ ಮಗಳು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಮಧ್ಯಾಹ್ನ ಮೂರಕ್ಕೆ ಕೆಲಸ ಬಿಟ್ಟರೆ ಸೀದಾ ಚಿಕ್ಕಮ್ಮನ ಅಂಗಡಿಗೆ ಬರುತ್ತೇನೆ. ಅಂಗಡಿ ಎಂದರೆ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಒಳಗೆ ಹೋಗುವಾಗ ತಲೆ ಬಗ್ಗಿಸದಿದ್ದರೆ ಹಣೆಗೆ ಪೆಟ್ಟು ಬೀಳುತ್ತದೆ. ಅವಳಿಗೆ ಈಗ ಅರವತ್ತೊಂದು. ಬೆನ್ನು ಕೈಕೊಟ್ಟಿದೆ. ಭಾರದ ಡಬ್ಬಗಳನ್ನು ಎತ್ತಿ ಇಳಿಸುವ ಕೆಲಸ ನನ್ನದು. ಪ್ರತಿಫಲವಾಗಿ ಸಿಗುವುದು ಚಹಾ ಮತ್ತು ಬೈಗುಳ. ನನಗೆ ತಾಳ್ಮೆ ಕಡಿಮೆ ಎಂದು ಇಬ್ಬರಿಗೂ ಗೊತ್ತಿದೆ.

ಆ ಸೋಮವಾರ ನಾನು ತಲೆ ಬಗ್ಗಿಸಿ ಒಳಗೆ ಬಂದಾಗ ಬೆತ್ತದ ಕುರ್ಚಿಯಲ್ಲಿ ಒಬ್ಬರು ಹೆಂಗಸು ಕೂತಿದ್ದರು. ಅವರ ಪಕ್ಕದಲ್ಲಿ ಎತ್ತರದ, ಬಿಳಿ ಮೀಸೆಯ ಗಂಡಸೊಬ್ಬರು ಕೂರಲು ಒಲ್ಲದೆ ನಿಂತಿದ್ದರು. ಮುಖ ನೋಡಿದ ನೆನಪಿಲ್ಲ. ಅವರು ಒಮ್ಮೆ ಸಣ್ಣಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅಷ್ಟಕ್ಕೇ ನನ್ನ ಕಿವಿ ನಿಮಿರಿತು. ಆ ಕೆಮ್ಮನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ನಮ್ಮ ರೈಲು ನಿಲ್ದಾಣದ ಅನೌನ್ಸರ್ ಅವರು. ಮೂವತ್ತೊಂದು ವರ್ಷ ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ತಡ ಎಂದು ಊರಿಗೆಲ್ಲ ಹೇಳಿದ ದನಿ. ಗಾಡಿ ಎರಡು ಗಂಟೆ ತಡವಾದರೂ ಅವರ ಬಾಯಲ್ಲಿ ಕೇಳಿದರೆ ಅರ್ಧ ಸಿಟ್ಟು ಇಳಿದುಹೋಗುತ್ತಿತ್ತು. ಎರಡು ವರ್ಷದ ಹಿಂದೆ ಅವರು ನಿವೃತ್ತರಾದ ಮೇಲೆ ಅಲ್ಲಿ ಯಂತ್ರ ಮಾತಾಡುತ್ತದೆ.

ಅವತ್ತು ಅವರು ತುಟಿ ಪಿಟಕ್ಕೆನ್ನಲಿಲ್ಲ. ಮಾತೆಲ್ಲ ಹೆಂಡತಿಯದು. ಗಂಟಲೊಳಗೆ ಗೆಡ್ಡೆ ಎದ್ದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬರುವ ಸೋಮವಾರ ಆಪರೇಷನ್. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಧೈರ್ಯ ಕೊಟ್ಟಿದ್ದಾರೆ, ಆದರೆ ದನಿ ಮಾತ್ರ ಇನ್ನಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಒಂದು ದಾರಿ ತೋರಿಸಿದ್ದಳಂತೆ. ದನಿ ಇರುವಾಗಲೇ ಕಂಪ್ಯೂಟರಿಗೆ ಸಾವಿರದ ಇನ್ನೂರು ವಾಕ್ಯ ಓದಿ ಕೊಟ್ಟರೆ, ಅದರಿಂದ ಒಂದು ಪ್ರೋಗ್ರಾಂ ಅವರದೇ ದನಿಯನ್ನು ಕಟ್ಟುತ್ತದೆ. ಆಮೇಲೆ ಅವರು ಏನು ಟೈಪ್ ಮಾಡಿದರೂ ಅದು ಅವರ ದನಿಯಲ್ಲೇ ಹೇಳುತ್ತದೆ. ಒಂದು ವಾಕ್ಯ ಕಡಿಮೆಯಾದರೂ ಕಟ್ಟುವುದಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಮೈಕು, ಒಂದೇ ಕೋಣೆ, ಒಂದೇ ಮೆಷಿನ್ನು ಇರಬೇಕು. ಇಲ್ಲದಿದ್ದರೆ ಇಬ್ಬರು ಮಾತಾಡಿದಂತೆ ಕೇಳುತ್ತದಂತೆ. ದಿನಕ್ಕೆ ಒಂದು ಗಂಟೆ ಮಾತ್ರ ಮಾತಾಡಬಹುದು, ಅದೂ ಈ ಕೆಲಸಕ್ಕೆ ಮಾತ್ರ ಎಂದು ಡಾಕ್ಟರ ಕಟ್ಟಪ್ಪಣೆ. ಮಿಕ್ಕ ಹೊತ್ತು ಅವರು ಅಂಗಿಯ ಜೇಬಿನಿಂದ ಚೀಟಿ ತೆಗೆದು ಬರೆಯುತ್ತಿದ್ದರು. ಎಂಟುನೂರು ವಾಕ್ಯ ಮುಗಿದಿತ್ತು. ಇನ್ನು ನಾಲ್ಕುನೂರು.

ಅಷ್ಟರಲ್ಲಿ ಶನಿವಾರ ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಮಾಡಿಕೊಂಡಿತು. ಹೊಸ ಬಣ್ಣ, ಹೊಸ ಚಿತ್ರ, ಸ್ವಾಗತ ಎಂಬ ಮಾತು, ಎಲ್ಲ ಚೆನ್ನಾಗಿಯೇ ಇತ್ತು. ಅವರು ಓದಲು ಕೂತ ಐದೇ ನಿಮಿಷಕ್ಕೆ ಪರದೆ ನೀಲಿಯಾಗಿ ಮೆಷಿನ್ ಆರಿತು. ಮತ್ತೆ ಹೊತ್ತಿಸಿದರೆ ಮತ್ತೆ ಹಾಗೆಯೇ. ಆ ಒಂದು ಗಂಟೆಯಲ್ಲಿ ಒಂಬತ್ತು ಸಲ. ಮರುದಿನ ಇನ್ನೂ ಜಾಸ್ತಿ. ಪ್ರತಿ ಸಲ ಆಗ ತಾನೇ ಓದಿದ್ದ ವಾಕ್ಯಗಳು ಜಮೆಯಾಗುವ ಮೊದಲೇ ಹೋದವು, ಮೆಷಿನ್ ಏಳುವಷ್ಟರಲ್ಲಿ ಡಾಕ್ಟರು ಕೊಟ್ಟ ಗಂಟೆಯೂ ಹೋಯಿತು. ಎರಡು ದಿನಕ್ಕೆ ಒಂದು ವಾಕ್ಯವೂ ಜಮೆಯಾಗಲಿಲ್ಲ. ದೊಡ್ಡ ರಸ್ತೆಯ ಅಂಗಡಿಯವನು ನೋಡಿದವನೇ ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದನಂತೆ. ಆಕೆ ಅವನ ಮೇಜಿನ ಮೇಲಿಂದ ಡಬ್ಬವನ್ನು ಎರಡೂ ಕೈಯಿಂದ ಬಾಚಿಕೊಂಡು ಬಂದಿದ್ದರು. "ಇವರ ಗಂಟಲು ಇರೋದೇ ಅದರೊಳಗೆ ಅಕ್ಕ, ಅದನ್ನ ಅಳಿಸ್ತೀನಿ ಅಂತಾನಲ್ಲ," ಎಂದು ಹೇಳುವಾಗಲೂ ಆಕೆಯ ಕೈ ಡಬ್ಬದ ಮೇಲೆಯೇ ಇತ್ತು.

ಚಿಕ್ಕಮ್ಮ ನೋಟ್‌ಬುಕ್ ಬಿಚ್ಚಿದಳು. ಅನೌನ್ಸರ್ ಕೂಡ ಚೀಟಿಯಲ್ಲಿ ಬರೆದು ತೋರಿಸಿದ್ದು ಅದೇ ಹಳೆಯ ಮಾತು: ನಾನೇನೂ ಮಾಡಿಲ್ಲ. ಕಂಪ್ಯೂಟರಿಗೆ ಏನೇನು ಸಿಕ್ಕಿಸಿರುತ್ತೀರೋ ಎಲ್ಲವನ್ನೂ ತನ್ನಿ ಎಂದು ಚಿಕ್ಕಮ್ಮ ಎರಡು ಸಲ ಹೇಳಿದಳು. ಅವರು ಕೈಚೀಲದಿಂದ ಮೈಕು, ಅದರ ಪುಟ್ಟ ಪೆಟ್ಟಿಗೆ, ಹೆಡ್‌ಫೋನು, ಕೀಬೋರ್ಡು, ಮೌಸು ಎಲ್ಲ ತೆಗೆದು ಸಾಲಾಗಿ ಇಟ್ಟರು. ಇಷ್ಟೇ, ಎಂದು ಬರೆದರು.

ಮೊದಲ ಕೆಲಸ, ಎಂಟುನೂರು ವಾಕ್ಯಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿದ್ದು. ಒಂದು ಡಿಸ್ಕನ್ನು ತನ್ನ ಬೀರುವಿನಲ್ಲಿಟ್ಟಳು, ಇನ್ನೊಂದನ್ನು ಆಕೆಯ ಕೈಗೆ ಕೊಟ್ಟಳು. ಆಕೆ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಎರಡನೆಯದು, ಅಪ್‌ಡೇಟನ್ನು ಹಿಂದಕ್ಕೆ ತೆಗೆಯಲು ಆಗುತ್ತದೆಯೇ ಎಂದು ನೋಡಿದ್ದು. ಆಗಲಿಲ್ಲ. ರೆಕಾರ್ಡಿಂಗಿಗೆ ಜಾಗ ಬೇಕೆಂದು ಅನೌನ್ಸರೇ ಹಳೆಯ ಆವೃತ್ತಿಯ ಫೈಲುಗಳನ್ನು ಅಳಿಸಿದ್ದರು. ಹಿಂದಕ್ಕೆ ಹೋಗುವ ಬಾಗಿಲು ಮುಚ್ಚಿತ್ತು.

ಇನ್ನು ಮುಂದಿನದು ಹೇಳಲು ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಮೆಷಿನ್ ನಮ್ಮ ಅಂಗಡಿಯಲ್ಲಿ ಒಂದು ಸಲವೂ ಕೆಡಲಿಲ್ಲ. ಮೆಮೊರಿ ಪರೀಕ್ಷಿಸಿದೆವು, ಡಿಸ್ಕ್ ಪರೀಕ್ಷಿಸಿದೆವು, ಫ್ಯಾನಿನ ದೂಳು ತೆಗೆದೆವು, ಬಿಸಿ ಅಳೆದೆವು. ಮೈಕು ಸಿಕ್ಕಿಸಿ ನಾನು ವಾರದ ಸಾಮಾನಿನ ಪಟ್ಟಿಯನ್ನು ಮೂರು ಸಲ ಓದಿದೆ. ಎಲ್ಲವನ್ನೂ ಮರ್ಯಾದೆಯಾಗಿ ರೆಕಾರ್ಡ್ ಮಾಡಿಕೊಂಡಿತು. ಮೆಷಿನ್ ಬೀಳುವಾಗ ತಾನು ಯಾಕೆ ಬಿದ್ದೆ ಎಂದು ಒಂದು ಟಿಪ್ಪಣಿ ಬರೆದಿಡಬೇಕು. ಇದು ಅದನ್ನೂ ಬರೆಯುವ ಮೊದಲೇ ಆರಿಹೋಗಿತ್ತು. ಮಂಗಳವಾರ ಸಂಜೆ ಅವರ ಹೆಂಡತಿ ಫೋನ್ ಮಾಡಿ, ಇವತ್ತಿನ ಗಂಟೆಯೂ ಸುಮ್ಮನೆ ಹೋಯಿತಲ್ಲ ಎಂದರು. ಚಿಕ್ಕಮ್ಮ ಸಮಾಧಾನದ ಮಾತು ಹೇಳಿ ಫೋನ್ ಇಟ್ಟಳು. ನಾನು ಮಾತ್ರ, ಹೊಸ ಡಿಸ್ಕ್ ಹಾಕಿ ಎಲ್ಲ ಹೊಸದಾಗಿ ಮಾಡಿಬಿಡೋಣ, ಏನಾದರೂ ಒಂದು ಮಾಡೋಣ ಎಂದು ಕೂಗಾಡಿದೆ. ಆ ರೆಕಾರ್ಡಿಂಗ್ ಪ್ರೋಗ್ರಾಂ ಹೊಸ ಡಿಸ್ಕನ್ನು ಹೊಸ ಮೆಷಿನ್ ಎಂದೇ ತಿಳಿಯುತ್ತದೆ, ಒಂದನೇ ವಾಕ್ಯದಿಂದ ಶುರುಮಾಡಿಸುತ್ತದೆ ಎಂದು ಅವಳು ಅದಾಗಲೇ ವಿಚಾರಿಸಿಟ್ಟಿದ್ದಳು.

"ಇಲ್ಲಿ ಕೆಡಲ್ಲ, ಅಲ್ಲಿ ಕೆಡತ್ತೆ. ಅಂದ್ರೆ ಕೆಡಿಸೋದು ಅಲ್ಲೇ ಎಲ್ಲೋ ಕೂತಿದೆ ಕಣೇ," ಎಂದಳು. "ನಾಳೆ ನಾವೇ ಹೋಗೋಣ."

ಬುಧವಾರ ನಾನು ಅರ್ಧ ದಿನ ರಜೆ ಹಾಕಿದೆ. ಅನೌನ್ಸರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಡಬ್ಬವನ್ನು ಎತ್ತಿಕೊಂಡು ಮೂರು ಮಹಡಿ ಹತ್ತುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂತು. ಚಿಕ್ಕಮ್ಮ ಮುಂದೆ ಬರಿಗೈಯಲ್ಲಿ ನಡೆಯುತ್ತಾ, ಗೋಡೆಗೆ ತಾಗಿಸಬೇಡ ಎಂದು ಉಪದೇಶ ಮಾಡುತ್ತಿದ್ದಳು. ರೆಕಾರ್ಡಿಂಗಿಗೆ ಅವರು ಆರಿಸಿದ್ದು ಮಲಗುವ ಕೋಣೆಯ ಮೂಲೆ. ಕಿಟಕಿಗೆ ಎರಡು ಕಂಬಳಿ ಹೊಡೆದಿದ್ದರು. ಬೀರುವಿನ ಬಾಗಿಲು ತೆರೆದು, ಬಟ್ಟೆಗಳ ಕಡೆಗೆ ಮುಖ ಮಾಡಿ ಮೇಜು ಹಾಕಿದ್ದರು, ದನಿ ಗೋಡೆಗೆ ತಾಗಿ ತಿರುಗಿ ಬರಬಾರದೆಂದು. ಗೋಡೆಯ ಗಡಿಯಾರ ತೆಗೆದು ಅಡುಗೆಮನೆಯಲ್ಲಿ ಇಟ್ಟಿದ್ದರು. ಮಾತ್ರೆಯ ಚೀಟಿ, ಆಸ್ಪತ್ರೆಗೆ ಒಯ್ಯಬೇಕಾದ ಬಟ್ಟೆಗಳ ಗಂಟು, ಎಲ್ಲ ಒಂದು ಕುರ್ಚಿಯ ಮೇಲೆ ಆಗಲೇ ಸಿದ್ಧವಾಗಿದ್ದವು.

ಎಲ್ಲ ಜೋಡಿಸಿ, ಮೊದಲು ಚಿಕ್ಕಮ್ಮ ಕೂತು ಓದಿದಳು. ಪಟ್ಟಿಯ ವಾಕ್ಯಗಳು ಎಂಥವೆಂದರೆ, ಪಕ್ಕದ ಮನೆಯ ಬೆಕ್ಕು ಗೋಡೆ ಹಾರಿತು, ನನಗೆ ಎಂಟು ಡಬ್ಬ ನೀಲಿ ಬಣ್ಣ ಬೇಕು, ಆಕೆಯ ಸೋದರಮಾವನಿಗೆ ಈಜು ಬರುವುದಿಲ್ಲ. ನಲವತ್ತು ನಿಮಿಷ ಓದಿದಳು. ಮೆಷಿನ್ ಅಲುಗಾಡಲಿಲ್ಲ. ಅವಳು ನೋಟ್‌ಬುಕ್ಕಿನಲ್ಲಿ ಸಮಯ ಬರೆದು, ಪೆನ್ನನ್ನು ಹಲ್ಲಿಗೆ ತಟ್ಟುತ್ತಾ ಕೂತಳು. ಅವಳಿಗೂ ತೋಚದಾಗಿದೆ ಎಂದು ನನಗೆ ಗೊತ್ತಾಯಿತು. ಉಳಿದದ್ದು ಒಂದೇ ದಾರಿ, ಅದು ಇಬ್ಬರಿಗೂ ಬೇಡವಾಗಿತ್ತು. ಅನೌನ್ಸರೇ ಕೂತು ಓದಬೇಕು. ಓದಿದರೆ, ಮೆಷಿನ್ ಕೆಟ್ಟರೆ, ಆ ದನಿ ನೀರಲ್ಲಿ ಹೋಮ.

"ಹನ್ನೆರಡು ವಾಕ್ಯ," ಎಂದಳು ಚಿಕ್ಕಮ್ಮ. "ಹನ್ನೆರಡಕ್ಕಿಂತ ಜಾಸ್ತಿ ಕೇಳಲ್ಲ. ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಅನೌನ್ಸರೇ. ನಾನು ಮೆಷಿನ್ ನೋಡಲ್ಲ, ನಿಮ್ಮನ್ನ ನೋಡ್ತೀನಿ."

ಅವರು ಹೆಂಡತಿಯ ಮುಖ ನೋಡಿದರು. ಆಕೆ ತಲೆಯಾಡಿಸಿದರು. ಅವರು ಕೂತು, ಬೆನ್ನು ನೆಟ್ಟಗೆ ಮಾಡಿ, ಓದತೊಡಗಿದರು. ಆ ದನಿ ಕೇಳಿ ಎಷ್ಟು ದಿನವಾಗಿತ್ತು. ಸ್ವಲ್ಪ ಒಡೆದಿತ್ತು, ಆದರೂ ಅದೇ. ನನಗೆ ಕಣ್ಣು ತುಂಬಿತು; ಬೆಕ್ಕು ಗೋಡೆ ಹಾರಿದ್ದಕ್ಕೆ ಅಳುವವಳು ನಾನೊಬ್ಬಳೇ ಇರಬೇಕು. ಆದರೆ ಏನೋ ಸರಿಯಿರಲಿಲ್ಲ. ಪ್ರತಿ ವಾಕ್ಯದ ಮೊದಲ ಪದ ಗಂಟಲಲ್ಲಿ ಸಿಕ್ಕಿಕೊಂಡು, ಅರ್ಧಕ್ಕೆ ಹೊರಬರುತ್ತಿತ್ತು. ಉಸಿರು ತಪ್ಪುತ್ತಿತ್ತು. ಮತ್ತೆ ಮತ್ತೆ ಬಲಗೈಯ ತೋರುಬೆರಳು ಮೇಜಿನ ಮೇಲೆ ಒತ್ತುತ್ತಿತ್ತು. ರೋಗದ ನಡುಕ ಎಂದುಕೊಂಡೆ. ಹನ್ನೆರಡು ವಾಕ್ಯ ಮುಗಿದವು. ಮೆಷಿನ್ ಕೆಡಲಿಲ್ಲ.

ಚಿಕ್ಕಮ್ಮ ಎದ್ದು ಬಂದು ಆ ಬೆರಳು ಒತ್ತುತ್ತಿದ್ದ ಜಾಗಕ್ಕೆ ಬಗ್ಗಿದಳು. ಮೇಜಿನ ಮೇಲೆ ಅಂಗೈಯಗಲದ ಒಂದು ಚೌಕದಲ್ಲಿ ಮರದ ಬಣ್ಣ ಮಾಸಿರಲಿಲ್ಲ. ಚೌಕದ ನಾಲ್ಕು ಮೂಲೆಯಲ್ಲಿ ನಾಲ್ಕು ದುಂಡು ಗುರುತು.

"ಇಲ್ಲೇನಿತ್ತು?" ಎಂದು ಕೇಳಿದಳು.

ಅನೌನ್ಸರು ಕಿಟಕಿಯ ಕಂಬಳಿ ನೋಡಿದರು. ಹೆಂಡತಿಯೇ ಮುಂದೆ ಬಂದು ಮೇಜಿನ ಕೆಳಗಿನ ಡ್ರಾಯರ್ ಎಳೆದರು. ಒಳಗೆ ಒಂದು ಕಬ್ಬಿಣದ ಡಬ್ಬಿ, ಅದರ ಮೇಲೆ ಬಳಸಿ ಬಳಸಿ ನುಣುಪಾದ ಕೆಂಪು ಬಟನ್ನು, ಹಿಂದೆ ಕಂಪ್ಯೂಟರಿಗೆ ಸಿಕ್ಕಿಸುವ ತಂತಿ. ನಿಲ್ದಾಣದಲ್ಲಿ ಪ್ರತಿ ಪ್ರಕಟಣೆಗೆ ಮೊದಲು ಟಿಂಗ್‌ಟಾಂಗ್ ಎಂದು ಬಡಿಯುತ್ತಿತ್ತಲ್ಲ, ಅದರ ಬಟನ್ನು. ಹೊಸ ಯಂತ್ರ ಬಂದಾಗ ಗುಜರಿಗೆ ಹಾಕಿದ್ದನ್ನು ಅವರು ಎತ್ತಿಕೊಂಡು ಬಂದಿದ್ದರು. ನಿಲ್ದಾಣದ ಎಲೆಕ್ಟ್ರಿಷಿಯನ್ ಗೆಳೆಯ ಅದಕ್ಕೊಂದು ಹಳೆಯ ಸರ್ಕ್ಯೂಟ್ ಹಾಕಿ, ಒತ್ತಿದರೆ ಹೆಡ್‌ಫೋನಿನಲ್ಲಿ ಟಿಂಗ್‌ಟಾಂಗ್ ಕೇಳುವಂತೆ ಮಾಡಿಕೊಟ್ಟಿದ್ದ. ಎಂಟುನೂರು ವಾಕ್ಯಗಳನ್ನೂ ಅದನ್ನು ಒತ್ತಿಯೇ ಓದಿದ್ದರು. ನಾವು ಬರುತ್ತೇವೆಂದು ಗೊತ್ತಾದ ಕೂಡಲೇ ಡ್ರಾಯರಿನೊಳಗೆ ಸೇರಿಸಿದ್ದರು.

ನಾನು ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಹೆಂಡತಿ ಹತ್ತಿರ ಉಪ್ಪು ಕೇಳುವಾಗಲೂ ಬಟನ್ ಒತ್ತುತ್ತಾರಾ ಎಂದು ಕೇಳುವುದಿತ್ತು, ಅಷ್ಟರಲ್ಲಿ ಚಿಕ್ಕಮ್ಮ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಗು ಅಲ್ಲೇ ಸತ್ತಿತು. ಅನೌನ್ಸರು ಕಿವಿಯವರೆಗೂ ಕೆಂಪಾಗಿ ಚೀಟಿಯಲ್ಲಿ ಬರೆದು ಅವಳಿಗೆ ಕೊಟ್ಟರು. ಅವಳು ಓದಿ ನನಗೂ ಕೊಟ್ಟಳು. 'ಮನೆ ಮಾತು ಸುಮ್ಮನೆ ಬರುತ್ತೆ. ಮೈಕ್ ಮುಂದೆ ಅದಿಲ್ಲದೆ ಉಸಿರು ಎಲ್ಲಿ ತಗೋಬೇಕು ಗೊತ್ತಾಗಲ್ಲ. ನಗ್ತಾರೆ ಅಂತ ಹೇಳಲಿಲ್ಲ.'

ನಾನು ಆಗಲೇ ನಕ್ಕಾಗಿತ್ತು. ನೆಲ ಬಿರಿದು ನುಂಗಬಾರದೇ ಎನ್ನಿಸಿತು. ತಪ್ಪಾಯಿತು ಎಂದೆ. ಅವರು ಪರವಾಗಿಲ್ಲ ಎಂಬಂತೆ ಕೈಯಾಡಿಸಿದರು, ಅದರಿಂದ ಇನ್ನೂ ನಾಚಿಕೆಯಾಯಿತು.

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತಳು. ನಾನು ಎಂದೂ ಕೇಳಿರದ ಸಂಗತಿಯನ್ನು ಹೇಳಿದಳು. "ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಒಂದು ವರ್ಷ ನನಗೆ ಫೋನಲ್ಲಿ ಮಾತಾಡೋಕೇ ಬರ್ತಿರಲಿಲ್ಲ. ಕಿವಿ ಮೇಲೆ ಹೆಡ್‌ಸೆಟ್ ಇಲ್ವಲ್ಲ. ತಲೆಗೆ ಹೇರ್‌ಬ್ಯಾಂಡ್ ಬಿಗಿಯಾಗಿ ಹಾಕ್ಕೊಂಡು ಆಮೇಲೆ ಅಕ್ಕಂಗೆ ಫೋನ್ ಮಾಡ್ತಿದ್ದೆ. ಯಾರಿಗೂ ಹೇಳಿಲ್ಲ. ಕೆಲಸ ಮೈಯಲ್ಲಿ ಕೂತುಬಿಡತ್ತೆ ಅನೌನ್ಸರೇ, ಅದರಲ್ಲಿ ನಾಚಿಕೆ ಏನು ಬಂತು?"

ನಮ್ಮಮ್ಮನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಜಗಳವಾಡುವ ಚಿಕ್ಕಮ್ಮ ತಲೆಗೆ ಬ್ಯಾಂಡ್ ಕಟ್ಟಿಕೊಂಡು ನಿಂತಿದ್ದಳೆಂದು ನನಗೆ ಊಹಿಸಲೂ ಆಗಲಿಲ್ಲ. ಅನೌನ್ಸರು ಮೊದಲ ಸಲ ಮುಗುಳ್ನಕ್ಕರು.

ಇನ್ನು ದನಿ ಖರ್ಚು ಮಾಡುವ ಅಗತ್ಯವೇ ಇರಲಿಲ್ಲ. ಡಬ್ಬಿಯ ತಂತಿ ಸಿಕ್ಕಿಸಿ, ಯಾರೂ ಮಾತಾಡದೆ, ಚಿಕ್ಕಮ್ಮ ಬರೀ ಬಟನ್ ಒತ್ತಿದಳು. ಒಂದು, ಎರಡು, ಮೂರು. ಏಳನೆಯದಕ್ಕೆ ಪರದೆ ನೀಲಿಯಾಗಿ ಮೆಷಿನ್ ದೊಪ್ಪನೆ ಆರಿತು. ಮೆಷಿನ್ ಕೆಟ್ಟಿತೆಂದು ನಾಲ್ಕು ಜನ ಅಷ್ಟು ಖುಷಿಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಗಿನ ಉಪಕರಣಕ್ಕೂ ಕಂಪ್ಯೂಟರಿಗೂ ಮಧ್ಯೆ ಕೂತು ಮಾತು ಮುಟ್ಟಿಸುವ ಪುಟ್ಟ ಪ್ರೋಗ್ರಾಂ ಒಂದಿರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಆ ಹಳೆಯ ಸರ್ಕ್ಯೂಟಿನ ಡ್ರೈವರಿಗೆ ಹೊಸ ಅಪ್‌ಡೇಟಿನ ಭಾಷೆ ತಿಳಿಯುತ್ತಿರಲಿಲ್ಲ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಹೊಸದು ಸಿಗುವ ಮಾತಿಲ್ಲ. ಚಿಕ್ಕಮ್ಮ ಆ ಡ್ರೈವರನ್ನು ಬೇರುಸಹಿತ ಕಿತ್ತಳು. ಸೋಮವಾರದವರೆಗೆ ಯಾವ ಅಪ್‌ಡೇಟೂ ಬರದಂತೆ ಮೆಷಿನ್ನಿನ ಬಾಯಿ ಕಟ್ಟಿದಳು. ತಂತಿ ಕಿತ್ತು ಪಕ್ಕಕ್ಕಿಟ್ಟಳು.

ಮೆಷಿನ್ ಸರಿಹೋಯಿತು. ಮನುಷ್ಯ ಸರಿಹೋಗಲಿಲ್ಲ, ಏಕೆಂದರೆ ಬಟನ್ನಿಗೆ ಈಗ ಸದ್ದಿಲ್ಲ. ನಾನು ನನ್ನ ಫೋನಿನಲ್ಲಿ ಟಿಂಗ್‌ಟಾಂಗ್ ಹಾಕಿ ತೋರಿಸಿದೆ, ಅವರು ತಲೆಯಲ್ಲಾಡಿಸಿದರು. ಬೆರಳಿಗೂ ಸದ್ದಿಗೂ ಮಧ್ಯೆ ಗಾಜು ಬಂದಂತಿದೆ ಎಂದು ಬರೆದರು. ಚಿಕ್ಕಮ್ಮ ಆ ಡಬ್ಬಿಯ ಸ್ಕ್ರೂ ತೆಗೆದು, ಒಳಗಿನ ಸರ್ಕ್ಯೂಟನ್ನು ಚಿಮಟಿಗೆಯಲ್ಲಿ ಎತ್ತಿ ಹೊರಗಿಟ್ಟಳು. ಉಳಿದದ್ದು ಎರಡು ತಂತಿ. ಒತ್ತಿದರೆ ಕೂಡುತ್ತವೆ, ಬಿಟ್ಟರೆ ಅಗಲುತ್ತವೆ. ಅವಳ ಮುಖ ಅರಳಿತು. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಅದೊಂದೇ. ಇನ್ನು ಬೇಕಾದದ್ದು ಬಡಿಯುವ ಗಂಟೆ ಒಂದು, ಅಷ್ಟೇ ಎಂದಳು.

ಅನೌನ್ಸರ ಹೆಂಡತಿ ಎದ್ದು ಹೊರಗೆ ಹೋದರು. ಸ್ಟೂಲು ಎಳೆದ ಸದ್ದಾಯಿತು. ತಿರುಗಿ ಬಂದಾಗ ಕೈಯಲ್ಲಿ ಮುಂಬಾಗಿಲಿನ ಕರೆಗಂಟೆ, ಸುತ್ತಲಿನ ಸುಣ್ಣದ ಸಮೇತ. ಅದನ್ನು ಆರಿಸಿ ತಂದಿದ್ದು ಅನೌನ್ಸರೇ ಅಂತೆ. ಬೇರೆ ಎಂಟು ಬಗೆ ಗಂಟೆಗಳಿದ್ದರೂ ಇದೇ ಬೇಕೆಂದು ಹಠ ಹಿಡಿದಿದ್ದರಂತೆ. ಹಾಲಿನವನು ಬಂದರೂ ರೈಲು ಬಂದಂತೆ ಕೇಳುತ್ತದೆ ಎಂದು ಆಕೆ ಹನ್ನೊಂದು ವರ್ಷದಿಂದ ಗೊಣಗುತ್ತಿದ್ದರು. ಬ್ಯಾಟರಿಯ ಗಂಟೆ ಅದು. ಒತ್ತಿದರೆ ಟಿಂಗ್, ಬೆರಳೆತ್ತಿದರೆ ಟಾಂಗ್. ಚಿಕ್ಕಮ್ಮ ಎರಡು ತಂತಿ ಹೊಸೆದು ಟೇಪು ಸುತ್ತಿದಳು. ಅನೌನ್ಸರು ಕೂತು ಒತ್ತಿದರು, ಎತ್ತಿದರು, ಗಂಟೆಯ ಸದ್ದು ಅಡಗುವವರೆಗೆ ಉಸಿರು ತೆಗೆದುಕೊಂಡರು. "ಆಕೆಯ ಸೋದರಮಾವನಿಗೆ ಈಜು ಬರುವುದಿಲ್ಲ," ಎಂದರು. ಎಲ್ಲೂ ಒಡೆಯದೆ, ಎಲ್ಲೂ ಅವಸರವಿಲ್ಲದೆ, ಮೂವತ್ತೊಂದು ವರ್ಷ ನಾವು ಕೇಳಿದಂತೆಯೇ. ಅವರ ಹೆಂಡತಿ ಮುಖ ತಿರುಗಿಸಿಕೊಂಡು, ಕಂಬಳಿ ಸರಿಯಾಗಿ ಕಟ್ಟಿಲ್ಲ ಎಂದು ಕಿಟಕಿಯ ಕಡೆ ಹೋದರು.

ಬುಧವಾರದ ಗಂಟೆ ಪರೀಕ್ಷೆಯಲ್ಲೇ ಕಳೆದಿತ್ತು. ಗುರುವಾರ ನೂರಾ ಹದಿನಾರು ವಾಕ್ಯ. ಶುಕ್ರವಾರ ನೂರು. ಮನೆಗೆ ಕರೆಗಂಟೆ ಇಲ್ಲದ್ದರಿಂದ ಬಂದವರು ಬಾಗಿಲು ಬಡಿಯದಂತೆ ಹೆಂಡತಿ ಮೆಟ್ಟಿಲ ಮೇಲೇ ಕೂತು ಕಾದರು. ನಾನು ಸಂಜೆ ಹೋಗಿ ಲೆಕ್ಕ ಕೇಳಿಕೊಂಡು ಬಂದು ಚಿಕ್ಕಮ್ಮನಿಗೆ ಒಪ್ಪಿಸುತ್ತಿದ್ದೆ. ಶನಿವಾರ ಗಂಟಲು ಕಟ್ಟಿತು. ಎಪ್ಪತ್ತೆರಡಕ್ಕೆ ಗಂಟೆ ಮುಗಿಯಿತು. ಭಾನುವಾರಕ್ಕೆ ನೂರಾ ಹನ್ನೆರಡು ಹೊರೆ ಉಳಿಯಿತು. ಬುಧವಾರ ಅವರು ಓದಿದ ಹನ್ನೆರಡು ಅಲ್ಲಲ್ಲಿ ಒಡೆದಿದ್ದರಿಂದ ಪ್ರೋಗ್ರಾಂ ಅವನ್ನು ಒಪ್ಪಿರಲಿಲ್ಲ. ನಾವು ಪರೀಕ್ಷೆಗೆಂದು ಖರ್ಚು ಮಾಡಿಸಿದ ಆ ಹನ್ನೆರಡು ನನ್ನ ಎದೆಯ ಮೇಲೆ ಕೂತವು.

ಭಾನುವಾರ ನಾವಿಬ್ಬರೂ ಹೋದೆವು. ಗಂಟೆ ಮುಗಿದಾಗ ತೊಂಬತ್ತೆಂಟಾಗಿತ್ತು. ಇನ್ನೂ ಹದಿನಾಲ್ಕು. ಅನೌನ್ಸರು ಹೆಂಡತಿಯನ್ನು ನೋಡಿದರು. ಡಾಕ್ಟರ ಮಾತನ್ನು ವೇದವಾಕ್ಯ ಎಂದು ಪಾಲಿಸಿದ ಆಕೆ, ಒಂದು ಲೋಟ ಬೆಚ್ಚನೆಯ ನೀರು ತಂದು ಅವರ ಮುಂದೆ ಇಟ್ಟರು.

"ಓದಿ. ನಾಳೆ ಬೈಸ್ಕೊಳ್ಳೋದು ನಾನು," ಎಂದರು.

ಅವರು ಓದಿದರು. ಒಂದೊಂದಕ್ಕೂ ನಡುವೆ ನೀರು ಗುಟುಕರಿಸಿ, ಕಣ್ಣು ಮುಚ್ಚಿ, ಬಟನ್ ಒತ್ತಿ. ಹತ್ತನೆಯದಕ್ಕೆ ದನಿ ಇಳಿಯಿತು, ಅದನ್ನು ಮತ್ತೊಮ್ಮೆ ಓದಿದರು. ಪಟ್ಟಿಯ ಕೊನೆಯ ವಾಕ್ಯ, ಅಂಗಡಿಯ ಬಾಗಿಲು ಹಾಕಿದೆ, ನಾಳೆ ಬನ್ನಿ. ಇಂಥ ಹೊತ್ತಿಗೆ ಇಂಥ ವಾಕ್ಯ ಇಟ್ಟವರನ್ನು ಮನಸ್ಸಿನಲ್ಲೇ ಶಪಿಸಿದೆ. ಅವರು ಮಾತ್ರ ಅದನ್ನು ಚೆನ್ನಾಗಿ, ಪೂರ್ತಿಯಾಗಿ ಓದಿ, ಹೆಡ್‌ಫೋನ್ ತೆಗೆದಿಟ್ಟರು. ಪರದೆಯ ಮೇಲೆ ಸಾವಿರದ ಇನ್ನೂರು ಎಂದು ಬಂತು. ಚಿಕ್ಕಮ್ಮ ನಿಂತಲ್ಲೇ ಮೂರು ನಕಲು ಮಾಡಿದಳು.

ಸೋಮವಾರ ಆಪರೇಷನ್ ಆಯಿತು. ಗೆಡ್ಡೆ ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರು ಹೇಳಿದ ಸುದ್ದಿಯನ್ನು ಅವರ ಹೆಂಡತಿ ಫೋನಿನಲ್ಲಿ ಹೇಳುವಾಗ ಚಿಕ್ಕಮ್ಮ, ಒಳ್ಳೇದಾಯಿತು ಒಳ್ಳೇದಾಯಿತು ಎಂದು ಏಳು ಸಲ ಅಂದಳು. ದನಿ ಕಟ್ಟುವ ಪ್ರೋಗ್ರಾಂ ಹದಿನೈದು ದಿನ ತೆಗೆದುಕೊಂಡಿತು. ಅದು ಬಂದ ದಿನ ನಾವು ಅವರ ಮನೆಗೆ ಹೋದೆವು. ಅನೌನ್ಸರು ಸೊರಗಿದ್ದರು, ಕುತ್ತಿಗೆಗೆ ತೆಳುವಾದ ಬಟ್ಟೆ ಕಟ್ಟಿದ್ದರು, ಆದರೆ ಕಣ್ಣು ಚುರುಕಾಗಿತ್ತು. ಆಸ್ಪತ್ರೆಯ ದಿನಗಳಲ್ಲಿ ಅವರಿಗಿಂತ ಹೆಚ್ಚು ಸೊರಗಿದ್ದು ಅವರ ಹೆಂಡತಿ. ಚಹಾ ಮಾಡುತ್ತೇನೆಂದು ಆಕೆ ಅಡುಗೆಮನೆಗೆ ಹೋದರು. ಆ ಮೊದಲ ಮಾತನ್ನು ಎದುರಿಗೆ ನಿಂತು ಕೇಳಲು ಆಕೆಗೆ ಧೈರ್ಯವಿರಲಿಲ್ಲ ಎಂದು ನನಗನ್ನಿಸಿತು.

ಚಿಕ್ಕಮ್ಮ ಎಲ್ಲ ಸಿದ್ಧಪಡಿಸಿ ಕೀಬೋರ್ಡನ್ನು ಅವರ ಕಡೆಗೆ ಸರಿಸಿದಳು. ಅವರು ಎರಡು ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡಿದರು. ಒಳಗೆ ಪಾತ್ರೆ ತೊಳೆಯುವ ಸದ್ದು, ನಲ್ಲಿಯ ಸದ್ದು ಕೇಳುತ್ತಿತ್ತು. ಅವರು ಕೊನೆಯ ಕೀಲಿ ಒತ್ತಿದರು.

"ನೀನು ಊಟ ಮಾಡಿದ್ಯಾ?" ಎಂದಿತು ಅವರ ದನಿ.

"ಆಮೇಲೆ ಮಾಡ್ತೀನಿ ಬಿಡ್ರೀ," ಎಂದು ಅಡುಗೆಮನೆಯಿಂದ ಉತ್ತರ ಬಂತು, ಕೆಲಸದ ನಡುವೆ, ತಲೆ ಎತ್ತದೆ ಕೊಟ್ಟ ಉತ್ತರ.

ಮರುಕ್ಷಣ ಪಾತ್ರೆಯ ಸದ್ದು ನಿಂತಿತು. ನಲ್ಲಿಯೂ ನಿಂತಿತು. ಆಕೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಚಿಕ್ಕಮ್ಮ ನನ್ನ ಮೊಣಕೈ ಹಿಡಿದಳು. ಅನೌನ್ಸರು ಹೆಂಡತಿಯ ಕಡೆ ನೋಡದೆ ಮತ್ತೆ ಟೈಪ್ ಮಾಡುತ್ತಿದ್ದರು. ಅರ್ಧ ನಿಮಿಷ ಹಿಡಿಯಿತು.

"ಆಮೇಲೆ ಅಲ್ಲ," ಎಂದಿತು ದನಿ. "ಈಗ."

"ಮಾಡ್ತೀನಿ ಅಂದ್ನಲ್ಲ. ಬಂದೋರಿಗೆ ಮೊದಲು ಚಹಾ ಕೊಡ್ಬೇಡ್ವಾ?" ಎಂದು ಆಕೆ ಗದರಿದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗದರಿ ಅಲ್ಲೇ ನಿಂತರು, ಅವರು ಇನ್ನೇನು ಉತ್ತರ ಕೊಡುತ್ತಾರೆಂದು ಕಾಯುತ್ತಾ.